ಉಪವಾಸ ಮಾಡಿದರೆ ಗಡ್ಡೆ ಸಾಯುತ್ತದೆಯೇ?

ನಂಬಿಕೆ: ಉಪವಾಸವಿದ್ದರೆ ಆಟೋಫೇಜಿ ಶುರುವಾಗುತ್ತದೆ, ಕ್ಯಾನ್ಸರ್ ಕೋಶಗಳು ತಮ್ಮನ್ನೇ ತಿಂದುಕೊಂಡು ಸಾಯುತ್ತವೆ. ಇದಕ್ಕೆ ನೊಬೆಲ್ ಕೂಡ ಬಂದಿದೆ.

ಸತ್ಯ: ನೊಬೆಲ್ ಬಂದದ್ದು ನಿಜ, ಉಪವಾಸಕ್ಕಲ್ಲ. 2016ರಲ್ಲಿ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ ಆ ಗೌರವ ತಂದುಕೊಟ್ಟದ್ದು ಯೀಸ್ಟ್ ಮೇಲಿನ ಸಂಶೋಧನೆ. ಕೋಶವು ತನ್ನೊಳಗಿನ ಕೆಟ್ಟ, ಸವೆದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಅರಗಿಸಿ, ಮತ್ತೆ ಬಳಸಿಕೊಳ್ಳುತ್ತದಲ್ಲ, ಆ ಆಟೋಫೇಜಿಗೆ ಯಾವ ಜೀನ್‌ಗಳು ಬೇಕೆಂದು ಅವರು ಪತ್ತೆಹಚ್ಚಿದರು. ಹಳೆ ಸೀರೆಗಳಿಂದ ಕೌದಿ ಹೊಲಿಯುವಂಥ ಜಾಣತನ ಇದು. ಹಸಿವಿನ ಕಾಲದಲ್ಲಿ ಬದುಕುಳಿಯಲು ಇರುವ ಉಪಾಯ. ಕ್ಯಾನ್ಸರ್ ಕೋಶಕ್ಕೂ ಅದು ಗೊತ್ತು. ವಾಟ್ಸ್‌ಆ್ಯಪ್ ಪಂಡಿತರು ಈ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ನಮ್ಮ ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯಲ್ಲಿ ಈ ಉಪಾಯ ಚೆನ್ನಾಗಿ ಕಾಣುತ್ತದೆ. ವಿಕಿರಣ ಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳನ್ನೂ ಗಾಸಿಗೊಳಿಸುತ್ತದೆ. ಗಾಸಿಗೊಂಡವುಗಳನ್ನು ಬೇಗ ವಿಲೇವಾರಿ ಮಾಡಿಬಿಟ್ಟರೆ ಕೋಶ ಚೇತರಿಸಿಕೊಳ್ಳಬಹುದು. ಆ ಕೆಲಸ ಆಟೋಫೇಜಿಯದು. ಹಾಗಾಗಿಯೇ ಪ್ರಯೋಗಾಲಯದ ತಟ್ಟೆಗಳಲ್ಲಿ ಆಟೋಫೇಜಿಯನ್ನು ತಡೆದಾಗ ಅನೇಕ ಬಗೆಯ ಕ್ಯಾನ್ಸರ್ ಕೋಶಗಳು ವಿಕಿರಣಕ್ಕೆ ಹೆಚ್ಚು ಸುಲಭವಾಗಿ ಬಲಿಯಾಗಿವೆ.

ನಂಬಿಕೆ: ಹಾಗಾದರೆ ಆಟೋಫೇಜಿಯನ್ನು ತಡೆಯುವ ಮಾತ್ರೆ ಕೊಟ್ಟರಾಯಿತು.

ಸತ್ಯ: ಅದನ್ನೂ ಮಾಡಿ ನೋಡಿದ್ದಾರೆ. ಗ್ಲಿಯೊಬ್ಲಾಸ್ಟೊಮಾ ಎಂಬ ಮಾರಕ ಮೆದುಳಿನ ಗಡ್ಡೆ ಇದ್ದವರಿಗೆ ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಕೀಮೋ ಔಷಧದ ಜೊತೆ ಆಟೋಫೇಜಿ ತಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟ ಅಧ್ಯಯನವೊಂದರ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆಯಸ್ಸು ಹೆಚ್ಚಲಿಲ್ಲ. ಈ ಮಾತ್ರೆ ದಿನಕ್ಕೆ 600 ಮಿಲಿಗ್ರಾಂ ಮೀರಿದರೆ ದೇಹ ತಾಳುತ್ತಿರಲಿಲ್ಲ. ಆ ಪ್ರಮಾಣದಲ್ಲಾದರೋ ಆಟೋಫೇಜಿ ಎಲ್ಲರಲ್ಲೂ ಸರಿಯಾಗಿ ನಿಲ್ಲಲಿಲ್ಲ.

ಇನ್ನೊಂದು ತೊಡಕು ನನಗೆ ಹೆಚ್ಚು ಕುತೂಹಲದ್ದು. ವಿಕಿರಣಕ್ಕೆ ಸಿಕ್ಕಿ ಸಾಯುವ ಕೋಶ ಎಟಿಪಿ ಎಂಬ ಅಣುವನ್ನು ಹೊರಚೆಲ್ಲಿ ರೋಗನಿರೋಧಕ ಕೋಶಗಳನ್ನು ಕರೆಯುತ್ತದೆ. ಹಾಗೆ ಕರೆಯಲು ಆಟೋಫೇಜಿ ಬೇಕು. ರೋಗನಿರೋಧಕ ಶಕ್ತಿ ಸರಿಯಾಗಿದ್ದ ಇಲಿಗಳಲ್ಲಿ ಆಟೋಫೇಜಿಯನ್ನು ತಡೆದಾಗ ವಿಕಿರಣದ ಫಲವೇ ತಗ್ಗಿತು. ತಟ್ಟೆಯಲ್ಲಿ ನೆರವಾದದ್ದು ದೇಹದೊಳಗೆ ಅಡ್ಡಿಯಾಯಿತು. ಗಡ್ಡೆ ಯಾವುದು, ಯಾವ ಹಂತದ್ದು, ಸುತ್ತಲಿನ ರೋಗನಿರೋಧಕ ಕೋಶಗಳು ಹೇಗಿವೆ ಎಂಬುದನ್ನು ಬಿಟ್ಟು ಆಟೋಫೇಜಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ನಂಬಿಕೆ: ಏನೇ ಆಗಲಿ, ವಿಕಿರಣದ ದಿನಗಳಲ್ಲಿ ಊಟ ಕಡಿಮೆ ಮಾಡಿದರೆ ನಷ್ಟವಿಲ್ಲ.

ಸತ್ಯ: ನಷ್ಟವಿದೆ. ಬಾಯಿ, ಗಂಟಲ ಕ್ಯಾನ್ಸರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ಚಿಕಿತ್ಸೆ ನಡೆಯುತ್ತದೆ. ಬಾಯಿ ಹುಣ್ಣಾಗಿ ನುಂಗುವುದೇ ಕಷ್ಟವಾಗಿರುತ್ತದೆ. ಅದರ ಮೇಲೆ ಉಪವಾಸವೂ ಸೇರಿ ತೂಕ ಇಳಿದರೆ, ಮುಖ ಅಲುಗಾಡದಂತೆ ಅಳತೆಗೆ ಮಾಡಿಸಿದ ಮಾಸ್ಕ್ ಸಡಿಲವಾಗುತ್ತದೆ. ಕೆಲವೊಮ್ಮೆ ಮತ್ತೆ ಸ್ಕ್ಯಾನ್ ಮಾಡಿ ಹೊಸ ಯೋಜನೆ ಹಾಕಬೇಕಾಗುತ್ತದೆ. ಏಕಾದಶಿಯೋ ಸೋಮವಾರವೋ, ಒಪ್ಪೊತ್ತಿನ ರೂಢಿ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬಾರದು.