ಸಿಎನ್‌ಸಿ ರೂಟರ್‌ಗೆ ಸ್ಟೆಪರ್ ಮತ್ತು ಸರ್ವೊ ಮೋಟಾರುಗಳ ಆಯ್ಕೆ

ಸಿಎನ್‌ಸಿ ರೂಟರ್ ಎಂಬುದು ಗಣಕದ ಸೂಚನೆಗಳಂತೆ ಮರ, ಪ್ಲೈವುಡ್, ಅಕ್ರಿಲಿಕ್, ಅಲ್ಯೂಮಿನಿಯಂ ಮುಂತಾದವನ್ನು ಕತ್ತರಿಸುವ ಮತ್ತು ಕೆತ್ತುವ ಯಂತ್ರ. ಇದರಲ್ಲಿ ಎರಡು ಕೆಲಸಗಳಿಗೆ ಮೋಟಾರುಗಳಿರುತ್ತವೆ. ಕೆತ್ತುವ ಬಿಟ್ಟನ್ನು ತಿರುಗಿಸುವುದು ಸ್ಪಿಂಡಲ್ ಮೋಟಾರು. ಆ ಸ್ಪಿಂಡಲನ್ನು ಎಡಬಲಕ್ಕೆ, ಹಿಂದೆಮುಂದೆ ಮತ್ತು ಮೇಲೆಕೆಳಗೆ ಸರಿಸುವುವು ಅಕ್ಷಗಳ ಮೋಟಾರುಗಳು. ಅಕ್ಷಗಳಿಗೆ ಸ್ಟೆಪರ್ ಮೋಟಾರು ಅಥವಾ ಸರ್ವೊ ಮೋಟಾರನ್ನು ಬಳಸುತ್ತಾರೆ. ಮನೆಯಲ್ಲಿ ಅಥವಾ ಸಣ್ಣ ಕಾರ್ಯಾಗಾರದಲ್ಲಿ ಸ್ವತಃ ಯಂತ್ರ ಕಟ್ಟುವವರು ಮೊದಲು ಎದುರಿಸುವ ಪ್ರಶ್ನೆ ಈ ಎರಡರಲ್ಲಿ ಯಾವುದು ಎಂಬುದೇ ಆಗಿದೆ.

ಹಿನ್ನೆಲೆ

ಸಂಖ್ಯಾ ನಿಯಂತ್ರಣದ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1952ರಲ್ಲಿ ಪ್ರದರ್ಶಿಸಲಾಯಿತು. ಭಾರತದಲ್ಲಿ ಯಂತ್ರೋಪಕರಣ ಉದ್ಯಮದ ಪ್ರಮುಖ ನೆಲೆ ಬೆಂಗಳೂರು. ಎಚ್‌ಎಂಟಿ 1953ರಲ್ಲಿ ಅಲ್ಲಿ ಆರಂಭವಾಯಿತು. ದೊಡ್ಡ ಕಾರ್ಖಾನೆಗಳ ಸಿಎನ್‌ಸಿ ಯಂತ್ರಗಳಲ್ಲಿ ಸರ್ವೊ ಮೋಟಾರೇ ರೂಢಿ. ಹವ್ಯಾಸಿಗಳ ರೂಟರ್‌ಗಳು ಮಾತ್ರ ಬೆಲೆ ಕಡಿಮೆ ಎಂಬ ಕಾರಣದಿಂದ ಸ್ಟೆಪರ್ ಮೋಟಾರಿನ ಮೇಲೆ ಬೆಳೆದು ಬಂದವು.

ಶಿವಮೊಗ್ಗ ಜಿಲ್ಲೆಯ ಸಾಗರ ಮತ್ತು ಸೊರಬ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಹೆಸರಾದ ಊರುಗಳು. ಆ ಸೂಕ್ಷ್ಮ ಕೆಲಸ ಕೈಯುಳಿಯದು. ಬಾಗಿಲು, ದೇವರ ಮಂಟಪ, ನಾಮಫಲಕಗಳಂತಹ ಕೆಲಸಗಳಿಗೆ ರೂಟರ್ ಒದಗುತ್ತದೆ. ಒಂದು ತೇಗದ ಹಲಗೆಯ ಮೇಲೆ ಯಂತ್ರ ಹಲವು ಗಂಟೆ ಓಡಬೇಕಾಗಬಹುದು. ಕೊನೆಯ ಗಂಟೆಯಲ್ಲಿ ಒಂದು ಅಕ್ಷ ಎರಡು ಮಿಲಿಮೀಟರ್ ಜಾರಿದರೂ ಇಡೀ ಹಲಗೆ ವ್ಯರ್ಥ. ಆದ್ದರಿಂದ ಮೋಟಾರಿನ ಆಯ್ಕೆ ಕೇವಲ ವೇಗದ ಪ್ರಶ್ನೆಯಲ್ಲ. ತಪ್ಪು ನಡೆದಾಗ ಅದು ಯಂತ್ರಕ್ಕೆ ತಿಳಿಯುತ್ತದೆಯೇ ಎಂಬ ಪ್ರಶ್ನೆಯೂ ಹೌದು.

ಸ್ಟೆಪರ್ ಮೋಟಾರು

ಸ್ಟೆಪರ್ ಮೋಟಾರು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ರೂಟರ್‌ಗಳಲ್ಲಿ ಸಾಮಾನ್ಯವಾಗಿರುವ ಹೈಬ್ರಿಡ್ ಬಗೆಯಲ್ಲಿ ರೋಟರ್‌ಗೆ 50 ಹಲ್ಲುಗಳಿದ್ದು, ಒಂದು ಹೆಜ್ಜೆ 1.8 ಡಿಗ್ರಿಯಷ್ಟಿರುತ್ತದೆ, ಅಂದರೆ ಒಂದು ಸುತ್ತಿಗೆ 200 ಹೆಜ್ಜೆ. ಒಂದು ಸುತ್ತಿಗೆ 5 ಮಿ.ಮೀ. ಸರಿಸುವ ಬಾಲ್ ಸ್ಕ್ರೂಗೆ ಇದನ್ನು ಜೋಡಿಸಿದರೆ ಪ್ರತಿ ಹೆಜ್ಜೆಗೆ 0.025 ಮಿ.ಮೀ. ಚಲನೆ ದೊರೆಯುತ್ತದೆ. ಡ್ರೈವರ್ ಒಂದು ಹೆಜ್ಜೆಯನ್ನು 8 ಅಥವಾ 16 ಸೂಕ್ಷ್ಮ ಹೆಜ್ಜೆಗಳಾಗಿ ವಿಭಾಗಿಸಬಲ್ಲದು. ಇದರಿಂದ ಚಲನೆ ನಯವಾಗುತ್ತದೆ; ಆದರೆ ನಿಖರತೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಈ ವ್ಯವಸ್ಥೆಯಲ್ಲಿ ಹಿಮ್ಮಾಹಿತಿ ಇಲ್ಲ. ನಿಯಂತ್ರಕ ನೂರು ಸ್ಪಂದಗಳನ್ನು ಕಳುಹಿಸಿದರೆ ಮೋಟಾರು ನೂರು ಹೆಜ್ಜೆ ಇಟ್ಟಿದೆ ಎಂದೇ ಭಾವಿಸುತ್ತದೆ. ಬಿಟ್ ಗಂಟಿಗೆ ಸಿಕ್ಕಿಕೊಂಡು ಮೋಟಾರು ತೊಂಬತ್ತೇ ಹೆಜ್ಜೆ ಇಟ್ಟಿದ್ದರೂ ಅದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ ಸರಿದೇ ನಡೆಯುತ್ತದೆ.

ಸ್ಟೆಪರಿನ ಇನ್ನೊಂದು ಮಿತಿ ವೇಗದ್ದು. ನಿಂತಿರುವಾಗ ಅದರ ಟಾರ್ಕ್, ಅಂದರೆ ತಿರುಗಿಸುವ ಬಲ, ಅತ್ಯಧಿಕ. ವೇಗ ಏರಿದಂತೆ ಸುರುಳಿಗಳ ಪ್ರೇರಕತೆಯ ಕಾರಣ ವಿದ್ಯುತ್ ಪ್ರವಾಹ ಪೂರ್ತಿ ಏರುವಷ್ಟು ಸಮಯ ಸಿಗದೆ ಟಾರ್ಕ್ ಕುಸಿಯುತ್ತದೆ. ಡ್ರೈವರ್‌ಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಈ ಕುಸಿತ ಸ್ವಲ್ಪ ತಡವಾಗುತ್ತದೆ. ಮೋಟಾರಿನ ಮೇಲೆ ಬರೆದಿರುವ ಅಂಕಿ ನಿಂತಿರುವಾಗಿನ ಟಾರ್ಕ್ ಆದುದರಿಂದ ಅದೊಂದನ್ನೇ ನೋಡಿ ಕೊಳ್ಳುವುದು ತಪ್ಪು. ತಯಾರಕರು ಕೊಡುವ ವೇಗ–ಟಾರ್ಕ್ ನಕ್ಷೆಯನ್ನು ನೋಡಬೇಕು.

ನೆಮಾ 17, 23, 34 ಎಂಬ ಸಂಖ್ಯೆಗಳು ಮೋಟಾರಿನ ಮುಖದ ಅಳತೆಯನ್ನಷ್ಟೇ ಸೂಚಿಸುತ್ತವೆ: ಕ್ರಮವಾಗಿ 1.7, 2.3 ಮತ್ತು 3.4 ಅಂಗುಲ. ಅವು ಶಕ್ತಿಯ ಅಳತೆಗಳಲ್ಲ.

ಸರ್ವೊ ಮೋಟಾರು

ಸರ್ವೊ ಮೋಟಾರಿನ ಹಿಂಬದಿಯಲ್ಲಿ ಎನ್‌ಕೋಡರ್ ಎಂಬ ಸಂವೇದಕ ಇರುತ್ತದೆ. ಅದು ದಂಡ ಎಷ್ಟು ತಿರುಗಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಡ್ರೈವರ್‌ಗೆ ತಿಳಿಸುತ್ತದೆ. ಇರಬೇಕಾದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ಅಂತರ ಕಂಡರೆ ಡ್ರೈವರ್ ಪ್ರವಾಹವನ್ನು ಹೆಚ್ಚಿಸಿ ಅದನ್ನು ಸರಿಪಡಿಸುತ್ತದೆ. ಅಂತರ ಮಿತಿ ಮೀರಿದರೆ ಎಚ್ಚರಿಕೆ ನೀಡಿ ನಿಲ್ಲುತ್ತದೆ.

ಭದ್ರಾವತಿಯವರಿಗೆ ಈ ತತ್ತ್ವ ಕಾಗದದ ಉದಾಹರಣೆಯಿಂದ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಆ ಬಡಾವಣೆಗೆ ಕಾಗದನಗರ ಎಂಬ ಹೆಸರು ಬಂದುದು ಅದರಿಂದಲೇ. ಕಾಗದ ಯಂತ್ರದಲ್ಲಿ ಒಂದೇ ಹಾಳೆ ಸಾಲು ಸಾಲು ಉರುಳೆಗಳ ಮೇಲೆ ಹಾಯುತ್ತದೆ. ಒಂದು ಉರುಳೆ ತುಸು ವೇಗವಾದರೆ ಹಾಳೆ ಹರಿಯುತ್ತದೆ, ನಿಧಾನವಾದರೆ ಸಡಿಲವಾಗುತ್ತದೆ. ಆದ್ದರಿಂದ ಉರುಳೆಗಳ ವೇಗವನ್ನು ಅಳೆಯುತ್ತಲೇ ತಿದ್ದುತ್ತಿರಬೇಕು. ಅಳೆದು ತಿದ್ದುವ ಈ ಕ್ರಮವನ್ನೇ ಮುಚ್ಚಿದ ಸರಣಿಯ ನಿಯಂತ್ರಣ ಎನ್ನುತ್ತಾರೆ.

400 ವ್ಯಾಟ್ ಸಾಮರ್ಥ್ಯದ, ನಿಮಿಷಕ್ಕೆ 3000 ಸುತ್ತಿನ ಸರ್ವೊ ಮೋಟಾರಿನ ಟಾರ್ಕ್ ಸುಮಾರು 1.27 ನ್ಯೂಟನ್-ಮೀಟರ್. ಅದು ಸೊನ್ನೆಯಿಂದ 3000 ಸುತ್ತಿನವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅಲ್ಪಕಾಲಕ್ಕೆ ಅದರ ಮೂರು ಪಟ್ಟಿನವರೆಗೂ ದೊರೆಯಬಹುದು. ಪ್ರತಿಯಾಗಿ ಬೆಲೆ ಹೆಚ್ಚು, ತಂತಿಜೋಡಣೆ ಜಟಿಲ, ಮತ್ತು ಡ್ರೈವರ್‌ನ ಪ್ರತಿಕ್ರಿಯೆಯನ್ನು ಯಂತ್ರಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಹೊಂದಿಕೆ ಅತಿಯಾದರೆ ಅಕ್ಷ ನಡುಗುತ್ತದೆ. ಕಡಿಮೆಯಾದರೆ ತಿರುವುಗಳಲ್ಲಿ ಮೂಲೆಗಳು ಉರುಟಾಗುತ್ತವೆ.

ಆಟಿಕೆ ವಿಮಾನಗಳಲ್ಲಿರುವ ಪುಟ್ಟ ಸರ್ವೊಗಳಿಗೂ ಇದೇ ಹೆಸರಿದೆ. ಅವು ಸೀಮಿತ ಕೋನದಲ್ಲಷ್ಟೇ ತಿರುಗುವ ಬೇರೆ ಸಾಧನಗಳು. ರೂಟರ್‌ನ ಅಕ್ಷಗಳಿಗೆ ಒದಗುವುದಿಲ್ಲ.

ಮುಚ್ಚಿದ ಸರಣಿಯ ಸ್ಟೆಪರ್

ಸ್ಟೆಪರ್ ಮೋಟಾರಿಗೇ ಎನ್‌ಕೋಡರ್ ಜೋಡಿಸಿದ ನಡುವಣ ಬಗೆಯೂ ಉಂಟು. ವೇಗ ಏರಿದಂತೆ ಟಾರ್ಕ್ ಕುಸಿಯುವ ಗುಣ ಇದರಿಂದ ಮಾಯವಾಗುವುದಿಲ್ಲ. ಆದರೆ ತಪ್ಪಿದ ಹೆಜ್ಜೆ ಗುಟ್ಟಾಗಿ ಉಳಿಯುವುದಿಲ್ಲ: ಸಣ್ಣ ತಪ್ಪು ತಾನೇ ಸರಿಹೋಗುತ್ತದೆ, ದೊಡ್ಡ ತಪ್ಪಿಗೆ ಡ್ರೈವರ್ ಎಚ್ಚರಿಕೆ ಕೊಡುತ್ತದೆ. ಈ ಎಚ್ಚರಿಕೆಯ ತಂತಿಯನ್ನು ನಿಯಂತ್ರಕಕ್ಕೆ ತಪ್ಪದೆ ಜೋಡಿಸಬೇಕು. ಇಲ್ಲವಾದರೆ ಒಂದು ಅಕ್ಷ ನಿಂತಾಗ ಉಳಿದವು ಓಡುತ್ತಲೇ ಇರುತ್ತವೆ. ಹೆಚ್ಚು ಹಣ ಕೊಟ್ಟ ಉದ್ದೇಶವೇ ವಿಫಲವಾಗುತ್ತದೆ.

ಟಾರ್ಕ್‌ನ ಲೆಕ್ಕ

ಉದಾಹರಣೆಗೆ, ಸರಿಯುವ ಭಾಗದ ತೂಕ 15 ಕಿ.ಗ್ರಾಂ., ಬೇಕಾದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 1 ಮೀಟರ್, ಕತ್ತರಿಸುವ ಬಲ 50 ನ್ಯೂಟನ್, ಘರ್ಷಣೆ 20 ನ್ಯೂಟನ್ ಎಂದುಕೊಳ್ಳೋಣ. ಒಟ್ಟು ಬಲ 15 + 50 + 20 = 85 ನ್ಯೂಟನ್. 5 ಮಿ.ಮೀ. ಬಾಲ್ ಸ್ಕ್ರೂವಿನ ದಕ್ಷತೆ ಶೇ. 90 ಇದ್ದರೆ ಇದಕ್ಕೆ ಬೇಕಾದ ಟಾರ್ಕ್ ಸುಮಾರು 0.08 ನ್ಯೂಟನ್-ಮೀಟರ್ ಮಾತ್ರ.

ಆದರೆ 16 ಮಿ.ಮೀ. ದಪ್ಪ, 1 ಮೀಟರ್ ಉದ್ದದ ಉಕ್ಕಿನ ಸ್ಕ್ರೂ ಮತ್ತು ಮೋಟಾರಿನ ರೋಟರ್ ಕೂಡ ಅದೇ ಕ್ಷಣದಲ್ಲಿ ವೇಗ ಪಡೆಯಬೇಕು. ಅವುಗಳ ಜಡತ್ವವನ್ನು ಮೀರಲು ಸುಮಾರು 0.12 ನ್ಯೂಟನ್-ಮೀಟರ್ ಬೇಕು. ಹಲಗೆಯನ್ನು ಕತ್ತರಿಸುವುದಕ್ಕಿಂತ ಸ್ಕ್ರೂವನ್ನು ತಿರುಗಿಸುವುದಕ್ಕೇ ಹೆಚ್ಚು ಬಲ ಬೇಕಾಯಿತು. ಒಟ್ಟು 0.2, ಸುರಕ್ಷತೆಗೆ ಇಮ್ಮಡಿ ಹಿಡಿದರೆ 0.4 ನ್ಯೂಟನ್-ಮೀಟರ್. ಇಷ್ಟು ಟಾರ್ಕ್ ನಿಮಿಷಕ್ಕೆ 600 ಸುತ್ತಿನಲ್ಲಿ, ಅಂದರೆ ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ, ದೊರೆಯುವುದೇ ಎಂಬುದನ್ನು ನಕ್ಷೆಯಲ್ಲಿ ಪರಿಶೀಲಿಸಬೇಕು. ತಕ್ಕ ವೋಲ್ಟೇಜ್ ಪಡೆದ ನೆಮಾ 23 ಸ್ಟೆಪರ್‌ಗಳಲ್ಲಿ ಅನೇಕವು ಇದನ್ನು ಪೂರೈಸುತ್ತವೆ.

ನಿಯಂತ್ರಕದ ಮಿತಿ

ಮೋಟಾರು ಎಷ್ಟೇ ಸಮರ್ಥವಾಗಿದ್ದರೂ ನಿಯಂತ್ರಕ ಅದಕ್ಕೆ ಸಾಕಷ್ಟು ಸ್ಪಂದಗಳನ್ನು ಕಳುಹಿಸಬೇಕು. ಸುತ್ತಿಗೆ 1600 ಸೂಕ್ಷ್ಮ ಹೆಜ್ಜೆಯಂತೆ ನಿಮಿಷಕ್ಕೆ 600 ಸುತ್ತಿಗೆ ಸೆಕೆಂಡಿಗೆ 16,000 ಸ್ಪಂದ ಬೇಕು. ಆರ್ಡುಯಿನೊ ಉನೊ ಫಲಕದ ಮೇಲೆ ಓಡುವ ಜಿಆರ್‌ಬಿಎಲ್ ತಂತ್ರಾಂಶ ಸುಮಾರು 30,000 ಸ್ಪಂದಗಳವರೆಗೆ ಕೊಡುವುದರಿಂದ ಇದು ಸಾಧ್ಯ. ಸುತ್ತಿಗೆ 10,000 ಸ್ಪಂದ ಬೇಡುವ ಸರ್ವೊ 3000 ಸುತ್ತಿನ ವೇಗ ಮುಟ್ಟಬೇಕಾದರೆ ಸೆಕೆಂಡಿಗೆ 5,00,000 ಸ್ಪಂದ ಬೇಕು. ಆಗ ಹೆಚ್ಚು ವೇಗದ ನಿಯಂತ್ರಕ ಬೇಕಾಗುತ್ತದೆ, ಇಲ್ಲವೇ ಡ್ರೈವರ್‌ನಲ್ಲಿ ಸ್ಪಂದಗಳ ಅನುಪಾತವನ್ನು ಬದಲಿಸಬೇಕಾಗುತ್ತದೆ.

ಆಯ್ಕೆಯ ಕ್ರಮ

- ಎರಡು ಮೂರು ಅಡಿ ಅಗಲದ, ಸ್ಕ್ರೂ ಚಾಲಿತ ಯಂತ್ರದಲ್ಲಿ ಕಲಿಕೆಗೂ ನಾಮಫಲಕಗಳಂತಹ ಕೆಲಸಗಳಿಗೂ ಸಾಮಾನ್ಯ ಸ್ಟೆಪರ್ ಸಾಕು.
- ಬೆಲೆಬಾಳುವ ಮರದ ಮೇಲೆ ದೀರ್ಘ ಕೆತ್ತನೆ ಮಾಡುವವರಿಗೆ ಮುಚ್ಚಿದ ಸರಣಿಯ ಸ್ಟೆಪರ್ ಹಿತವಾದ ಆಯ್ಕೆ.
- 8 × 4 ಅಡಿ ಪ್ಲೈವುಡ್ ಹಾಳೆಯನ್ನು ದಿನವಿಡೀ ವೇಗವಾಗಿ ಕತ್ತರಿಸುವ ಯಂತ್ರಕ್ಕೆ ಸರ್ವೊ ತಕ್ಕುದು. ಅಂತಹ ಯಂತ್ರಗಳಲ್ಲಿ ರ‍್ಯಾಕ್ ಮತ್ತು ಪಿನಿಯನ್ ಇರುತ್ತದೆ. 1 ಮಾಡ್ಯೂಲಿನ 20 ಹಲ್ಲಿನ ಪಿನಿಯನ್ ಸುತ್ತಿಗೆ 62.8 ಮಿ.ಮೀ. ಸರಿಸುವುದರಿಂದ ವೇಗ ತಗ್ಗಿಸುವ ಗೇರು ಅಗತ್ಯ.
- ಚೌಕಟ್ಟು ಬಾಗುವಂತಿದ್ದರೆ ಯಾವ ಮೋಟಾರಿನಿಂದಲೂ ಪ್ರಯೋಜನವಿಲ್ಲ. ಎನ್‌ಕೋಡರ್ ಮೋಟಾರಿನ ದಂಡವನ್ನು ಅಳೆಯುತ್ತದೆಯೇ ಹೊರತು ಬಿಟ್ಟಿನ ತುದಿಯನ್ನಲ್ಲ. ಉಳಿದ ಹಣವನ್ನು ಮೊದಲು ಚೌಕಟ್ಟಿಗೆ ಹಾಕುವುದು ಜಾಣತನ.

ಎಚ್ಚರಿಕೆಗಳು

ವಿದ್ಯುತ್ ಹೋದಾಗ ಎರಡೂ ಬಗೆಯ ಮೋಟಾರುಗಳು ಹಿಡಿತ ಕಳೆದುಕೊಳ್ಳುತ್ತವೆ. ಬಾಲ್ ಸ್ಕ್ರೂ ಹಿಮ್ಮುಖವಾಗಿಯೂ ತಿರುಗಬಲ್ಲದಾದ ಕಾರಣ ಭಾರವಾದ ಸ್ಪಿಂಡಲ್ ಕೆಳಕ್ಕೆ ಜಾರಬಹುದು. ಲಂಬ ಅಕ್ಷಕ್ಕೆ ಬ್ರೇಕ್ ಇರುವ ಮೋಟಾರು ಲೇಸು. ವಿದ್ಯುತ್ ಮರಳಿದ ಮೇಲೆ ಯಂತ್ರವನ್ನು ಮೂಲಸ್ಥಾನಕ್ಕೆ ಒಯ್ದ ನಂತರವೇ ಕೆಲಸ ಮುಂದುವರಿಸಬೇಕು. ಡ್ರೈವರ್ ಚಾಲೂ ಇರುವಾಗ ಸ್ಟೆಪರಿನ ತಂತಿಯನ್ನು ಕಳಚಿದರೆ ಡ್ರೈವರ್ ಸುಟ್ಟುಹೋಗಬಹುದು. ಸರ್ವೊ ಮೋಟಾರು ಅಡ್ಡಿ ಬಂದಾಗ ಬಲ ಹೆಚ್ಚಿಸುವುದರಿಂದ ಅದರ ಹಾದಿಯಲ್ಲಿ ಕೈ ಇಡಬಾರದು. ತುರ್ತು ನಿಲುಗಡೆಯ ಗುಂಡಿ ಕೈಗೆಟಕುವಂತಿರಬೇಕು.

ಇವನ್ನೂ ನೋಡಿ

- ವಿದ್ಯುತ್ ಮೋಟಾರು
- ಸಂಖ್ಯಾ ನಿಯಂತ್ರಣ
- ಭದ್ರಾವತಿ
- ಗುಡಿಗಾರರು