ಕಿಟಕಿಯಾಚೆಯೂ ಪಾಠವಿತ್ತು

ರಾಜ್ಯ ವೃಕ್ಷ? ಶ್ರೀಗಂಧ. ರಾಜ್ಯ ಪುಷ್ಪ? ಕಮಲ. ಮುತ್ತುಗದ ವೈಜ್ಞಾನಿಕ ಹೆಸರು? ಬ್ಯುಟಿಯಾ ಮೊನೊಸ್ಪರ್ಮಾ. ಗುಂಜಿಯಿಂದ ಬೆಳಗಾವಿಯ ಕೋಚಿಂಗ್ ಕ್ಲಾಸಿಗೆ ಹೋಗುವ ರೈಲಿನಲ್ಲಿ ನಾನು ದಿನವೂ ಹೀಗೆ ಉರು ಹೊಡೆಯುತ್ತಿದ್ದೆ. ಎಫ್‌ಡಿಎ ಪರೀಕ್ಷೆಯಲ್ಲಿ ಒಮ್ಮೆ ಸೋತಿದ್ದೆ. ಎರಡನೇ ಸಲ ಹಾಗಾಗಬಾರದೆಂಬ ಹಟವಿತ್ತು.

ಒಂದು ಫೆಬ್ರುವರಿ ಬೆಳಿಗ್ಗೆ, ಡಾಕ್ಟರಿಗೆ ಕಣ್ಣು ತೋರಿಸಲು ನಮ್ಮ ಅಜ್ಜಿ, ಅಂದರೆ ಆಯಿ, ಜೊತೆಗೆ ಬಂದಿದ್ದಳು. ಖಾನಾಪುರ ಇನ್ನೂ ಬಂದಿರಲಿಲ್ಲ. ಎಲೆಯೇ ಇಲ್ಲದ ಮರವೊಂದು ಮೈತುಂಬ ಕೇಸರಿ ಹೂ ಹೊತ್ತು ನಿಂತಿತ್ತು. “ಗುಲ್‌ಮೊಹರ್ ಈ ಸಲ ಲಗೂನ ಅರಳೇತಿ” ಎಂದೆ.

ಆಯಿ ನಕ್ಕಳು. “ಅದು ಮುತ್ತಲ. ಮರಾಠ್ಯಾಗ ಪಳಸ ಅಂತಾರ. ನಿಮ್ಮಪ್ಪನ ಮದುವ್ಯಾಗ ಊರಿಗೆಲ್ಲ ಊಟ ಬಡಿಸಿದ್ದು ಇದರ ಪತ್ರಾವಳಿ ಮ್ಯಾಲ.”

ತೊಡೆಯ ಮೇಲಿದ್ದ ನೋಟ್ಸಿನಲ್ಲಿ ಮುತ್ತುಗದ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿದ್ದೆ. ಮರ ಎದುರಿಗೆ ಬಂದಾಗ ಗುರುತೇ ಸಿಗಲಿಲ್ಲ. ದೂರದ ಮಡಗಾಸ್ಕರ್ ಮೂಲದ ಗುಲ್‌ಮೊಹರ್ ನನಗೆ ಗೊತ್ತಿತ್ತು, ನಮ್ಮೂರಿನದೇ ಮರ ಗೊತ್ತಿರಲಿಲ್ಲ.

ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಹಾಳೆ ಮರಗಳಿಗೆ ಮೀಸಲಾಯಿತು. ಏಪ್ರಿಲ್‌ನಲ್ಲಿ ಕಕ್ಕೆಯ ಹಳದಿ ಗೊಂಚಲು ಇಳಿಬಿದ್ದವು. ಬೇಸಿಗೆಯ ಕೊನೆಗೆ ನಂದಿ ಮರ ಬಿಳಿ ಹೂ ಬಿಟ್ಟಿತು. ಅದರ ಕಾಂಡ ನುಣುಪು, ಬಣ್ಣ ಬಿಳಿಚು. ಪಕ್ಕದ ಮತ್ತಿಯ ತೊಗಟೆ ಮೊಸಳೆ ಚರ್ಮದಂತೆ ಬಿರುಕು ಬಿರುಕು. ಹೂವಿಲ್ಲದಾಗಲೂ ಇವೆರಡನ್ನು ಗುರುತಿಸುವುದು ಸುಲಭವಾಯಿತು.

ಗೌರಿ ಹಬ್ಬದ ಹೊತ್ತಿಗೆ ಬೇಲಿಯ ಮೇಲೆ ಅಗ್ನಿಶಿಖೆ ಹಬ್ಬಿತ್ತು. ಎಲೆಯ ತುದಿಯನ್ನೇ ಬಳ್ಳಿಯಂತೆ ಸುತ್ತಿಕೊಂಡು ಮೇಲೇರುವ ಗಿಡ ಅದು. ಹಸಿರು ಮಿಶ್ರಿತ ಹಳದಿಯಾಗಿ ಅರಳಿದ ಹೂ ದಿನ ಕಳೆದಂತೆ ಕೆಂಪಾಗುತ್ತದೆ. “ಹೂ ನೋಡು, ಗಡ್ಡಿ ಬಾಯಿಗಿಟ್ಟೀಯ, ವಿಷ” ಎಂದು ಆಯಿ ಎಚ್ಚರಿಸಿದಳು.

ಬೆಳಗಾವಿ–ಗೋವಾ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಬದಿಯ ಎಷ್ಟೋ ಮರಗಳು ಉರುಳಿದವು. ಆಗ ನಾನು ಶಾಲೆಯಲ್ಲಿದ್ದೆ. ಬಸ್ಸು ಬೇಗ ಮುಟ್ಟುತ್ತದೆಂದು ಖುಷಿಪಟ್ಟಿದ್ದೆ. ಅಲ್ಲಿ ಯಾವ ಮರಗಳಿದ್ದವು ಎಂದು ಈಗ ನೆನಪಿಸಿಕೊಳ್ಳಲು ಹೋದರೆ ‘ಮರ’ ಎಂಬ ಒಂದೇ ಪದ ಸಿಗುತ್ತದೆ. ಹೆಸರೇ ಗೊತ್ತಿಲ್ಲದಿದ್ದರೆ ಕಳೆದುಕೊಂಡದ್ದು ಏನೆಂದೂ ಗೊತ್ತಾಗುವುದಿಲ್ಲ.

ಗೆಳೆಯರೇ, ನೀವು ದಿನವೂ ಬಸ್ಸಿಗೆ ಕಾಯುವಾಗ ನಿಮಗೆ ನೆರಳು ಕೊಡುವ ಮರದ ಹೆಸರೇನು? ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಇರುವಾಗಲೇ ಕೇಳಿ.

ಎರಡನೇ ಸಲ ಬರೆದ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಎಲ್ಲರೂ ಅದನ್ನೇ ಕೇಳುತ್ತಾರೆ. ಆಯಿಗೆ ಈಗ ದೂರದ್ದು ಸರಿಯಾಗಿ ಕಾಣುವುದಿಲ್ಲ. ಸಂಜೆ ನಾನು ಹೊಸ್ತಿಲು ದಾಟುತ್ತಿದ್ದಂತೆ ಅವಳು ಕೇಳುವುದು ಮಾತ್ರ ಬೇರೆ: “ಇವತ್ತ ಏನ ಅರಳಿತ್ತೋ?”

ನಾನು ಬಣ್ಣ, ಎಲೆ, ತೊಗಟೆ ಹೇಳುತ್ತೇನೆ. ಅವಳು ಹೆಸರು ಹೇಳುತ್ತಾಳೆ.