ಜೂನ್ ಹಿಮದಲ್ಲಿ ಒಬ್ಬರೇ ಮೌಂಟ್ ವಿಟ್ನಿ ಹತ್ತುವುದಾದರೆ

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಕ್ಯಾಲಿಫೋರ್ನಿಯಾದ ಮೌಂಟ್ ವಿಟ್ನಿ ಹತ್ತುವವರು ಕಾರು ನಿಲ್ಲಿಸುವ ವಿಟ್ನಿ ಪೋರ್ಟಲ್ ಅದಕ್ಕಿಂತ 600 ಮೀಟರ್ ಮೇಲಿದೆ. ಅಲ್ಲಿಂದ 4,421 ಮೀಟರ್ ಎತ್ತರದ ಶಿಖರಕ್ಕೆ ಹೋಗಿ ಬರಲು ಸುಮಾರು 35 ಕಿ.ಮೀ. ನಡೆಯಬೇಕು. ಆಗಸ್ಟ್‌ನಲ್ಲಿ ಇದು ಉದ್ದವಾದ, ದಣಿಸುವ ಕಾಲುದಾರಿ. ಜೂನ್ ಮೊದಲ ವಾರಗಳಲ್ಲಿ ಇದೇ ಬೇರೆ ಬೆಟ್ಟ: ಕೆಳಗೆ ಲೋನ್ ಪೈನ್ ಊರಿನಲ್ಲಿ ಸುಡುವ ಬಿಸಿಲು, ಮೇಲೆ ಚಳಿಗಾಲದ ಹಿಮ.

ಈ ಹಿಮದ ಗುಣ ಗಂಟೆಗೊಮ್ಮೆ ಬದಲಾಗುತ್ತದೆ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಇಳಿಜಾರು ಗಾಜಿನಷ್ಟು ಗಟ್ಟಿ. ಬಿಸಿಲೇರಿದಂತೆ ಮೇಲ್ಪದರ ಹರಳಾಗಿ ಸಡಿಲವಾಗುತ್ತದೆ, ಬೂಟು ಕಚ್ಚಿಕೊಳ್ಳುತ್ತದೆ. ಮಧ್ಯಾಹ್ನಕ್ಕೆ ತೊಡೆಯವರೆಗೆ ಕಾಲು ಹೂತುಹೋಗುತ್ತದೆ. ಹೆಚ್ಚಿನವರು ಮರುದಿನದ ತಾಪಮಾನ ನೋಡಿಕೊಂಡು ಹೊರಡುತ್ತಾರೆ. ನನ್ನ ಪ್ರಕಾರ ನೋಡಬೇಕಾದದ್ದು ಹಿಂದಿನ ರಾತ್ರಿಯ ಆಕಾಶವನ್ನು. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು, ಗಾಳಿ ಸೊನ್ನೆಗಿಂತ ತುಸು ಬೆಚ್ಚಗಿದ್ದರೂ ಹೆಪ್ಪುಗಟ್ಟುತ್ತದೆ. ಮೋಡ ಕವಿದಿದ್ದರೆ ಆ ಶಾಖ ಹೊರಹೋಗುವುದಿಲ್ಲ, ಹಿಮ ಬೆಳಿಗ್ಗೆಯೇ ಕೊಚ್ಚೆಯಾಗಿರುತ್ತದೆ. ಅಂಥ ದಿನ ಒಂಟಿಯಾಗಿ ಹೊರಡಬೇಡಿ.

ನಿಜವಾದ ಪರೀಕ್ಷೆ ಇರುವುದು ದಾರಿಯಲ್ಲಿ ಬಿಡಾರ ಹೂಡುವ ಟ್ರೇಲ್ ಕ್ಯಾಂಪಿನಿಂದ ಮೇಲಿನ ಏಣಾದ ಟ್ರೇಲ್ ಕ್ರೆಸ್ಟಿನವರೆಗೆ. ಸುಮಾರು 500 ಮೀಟರ್ ಏರುವ ಈ ಭಾಗದಲ್ಲಿ ದಾರಿಯ ತೊಂಬತ್ತಕ್ಕೂ ಹೆಚ್ಚು ತಿರುವುಗಳು ಹಿಮದಡಿ ಮುಚ್ಚಿರುತ್ತವೆ. ಕೆಲವು ತಿರುವುಗಳು ತೆರೆದು ಕಂಡರೂ ಕಬ್ಬಿಣದ ತಂತಿ ಕಟ್ಟಿರುವ ಜಾಗದಲ್ಲಿ ಮಂಜುಗಡ್ಡೆ ಬಹಳ ದಿನ ಉಳಿಯುತ್ತದೆ. ಒಂದು ಬದಿ ಬರೀ ಪ್ರಪಾತ. ಹಾಗಾಗಿ ಜನ ಪಕ್ಕದ ಕಡಿದಾದ ಹಿಮದ ಕೊರಕಲನ್ನೇ ನೇರವಾಗಿ ಹತ್ತುತ್ತಾರೆ. ಪೂರ್ವಕ್ಕೆ ಮುಖ ಮಾಡಿರುವುದರಿಂದ ಇದಕ್ಕೆ ಬೆಳಗಿನ ಬಿಸಿಲು ಬೇಗ ತಾಗುತ್ತದೆ. ಹಿಮ ಗಟ್ಟಿಯಿರುವಾಗಲೇ ಇದನ್ನು ದಾಟಬೇಕೆಂದರೆ ನಡುರಾತ್ರಿ ಕಳೆದು ಒಂದೆರಡು ಗಂಟೆಗೇ ತಲೆದೀಪ ಹಚ್ಚಿಕೊಂಡು ಹೊರಡಬೇಕು.

ಇಲ್ಲಿ ಬೂಟಿಗೆ ತೊಡಿಸುವ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ ಸಾಲದು. ಉದ್ದ ಹಲ್ಲುಗಳ ಕ್ರಾಂಪಾನ್ ಮತ್ತು ಹಿಮದ ಕೊಡಲಿ, ಅಂದರೆ ಐಸ್ ಆ್ಯಕ್ಸ್ ಬೇಕು, ಅದಕ್ಕಿಂತ ಮುಖ್ಯವಾಗಿ ಅವುಗಳ ಅಭ್ಯಾಸ ಬೇಕು. ಜಾರಿದರೆ ಮೊದಲ ಒಂದೆರಡು ಸೆಕೆಂಡಿನಲ್ಲೇ ಹೊಟ್ಟೆಯ ಮೇಲೆ ಹೊರಳಿ, ಕೊಡಲಿಯ ಮೊನೆಯನ್ನು ಎದೆಯ ಭಾರದಿಂದ ಹಿಮಕ್ಕೆ ಒತ್ತಬೇಕು. ವೇಗ ಹಿಡಿದ ಮೇಲೆ ಏನೂ ನಿಲ್ಲದು. ಇದನ್ನು ಕೆಳಗೆ ಬಂಡೆಗಳಿಲ್ಲದ ಸಣ್ಣ ಇಳಿಜಾರಿನಲ್ಲಿ ಮೊದಲೇ ಕಲಿತಿರಿ. ಮರಳುವಾಗ ಕೂತು ಜಾರಿ ಇಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಹಿಮ ಮೆತ್ತಗಿದ್ದು ತಳದವರೆಗೂ ಕಣ್ಣಿಗೆ ಕಂಡರೆ ಮಾತ್ರ ಜಾರಬಹುದು, ಅದೂ ಕ್ರಾಂಪಾನ್ ಬಿಚ್ಚಿದ ಮೇಲೆ. ಅದರ ಹಲ್ಲು ಹಿಮಕ್ಕೆ ಸಿಕ್ಕರೆ ಮುರಿಯುವುದು ಕಾಲಿನ ಗಂಟು. ಬಂಡೆಗಳ ಅಂಚಿನಿಂದಲೂ ದೂರವಿರಿ: ಬಿಸಿಯಾದ ಕಲ್ಲು ಸುತ್ತಲಿನ ಹಿಮವನ್ನು ಒಳಗಿಂದ ಕರಗಿಸಿ ಪೊಳ್ಳು ಮಾಡಿರುತ್ತದೆ.

ಶಿಖರದ ಗಾಳಿಯಲ್ಲಿ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60ರಷ್ಟು. ಹಿಂದಿನ ರಾತ್ರಿ 3,000 ಮೀಟರ್ ಎತ್ತರದ ಹಾರ್ಸ್‌ಶೂ ಮೆಡೋಸ್‌ನಲ್ಲಿ ಮಲಗಿದರೆ ದೇಹ ಸ್ವಲ್ಪ ಒಗ್ಗುತ್ತದೆ. ಆದರೂ ಎತ್ತರದ ಕಾಯಿಲೆ ಬಂದರೆ ನಡಿಗೆ ತಪ್ಪಬಹುದು, ಒಂಟಿಯಾಗಿ ಹೋದಾಗ ತೂರಾಡುತ್ತಿದ್ದೀರಿ ಎಂದು ಹೇಳಲು ಜೊತೆಗಾರರಿಲ್ಲ. ಸಮತಟ್ಟು ಜಾಗ ಸಿಕ್ಕಾಗ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನೇರವಾಗಿ ನಡೆದು ನೋಡಿ. ಆಗದಿದ್ದರೆ ತುದಿ ಕಣ್ಣೆದುರಿದ್ದರೂ ಇಳಿಯಲೇಬೇಕು. ಕಪ್ಪು ಕನ್ನಡಕ ತೆಗೆಯಬೇಡಿ. ಹಿಮದ ಪ್ರತಿಫಲನದಿಂದ ಕಣ್ಣು ಸುಟ್ಟಿದ್ದು ಗೊತ್ತಾಗುವುದು ಹಲವು ಗಂಟೆಗಳ ನಂತರ.

ಟ್ರೇಲ್ ಕ್ರೆಸ್ಟ್‌ನಿಂದ ತುದಿಗೆ ಇನ್ನೂ 3 ಕಿ.ಮೀ. ಇದೆ. ಎಷ್ಟು ಗಂಟೆಗೆ ಹಿಂದಿರುಗುವುದೆಂದು ಮನೆಯಲ್ಲೇ ನಿರ್ಧರಿಸಿ. ಆ ಹೊತ್ತನ್ನೂ ಹೋಗುವ ದಾರಿಯನ್ನೂ ಒಬ್ಬರಿಗೆ ಬರೆದುಕೊಡಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಜೊತೆಗಿರಲಿ. ಒಂದು ದಿನದ ಚಾರಣಕ್ಕೂ ಪರವಾನಗಿ ಕಡ್ಡಾಯ.

ಕೆಳಗಿಳಿದ ಕೂಡಲೇ ಆ ವ್ಯಕ್ತಿಗೆ ಫೋನ್ ಮಾಡಿ. ನಿಮ್ಮ ಕರೆ ಬಾರದಿದ್ದರೆ ಹುಡುಕಲು ಕತ್ತಲಲ್ಲಿ ಹೊರಡುವವರು ಇನ್ಯೋ ಕೌಂಟಿಯ ಸ್ವಯಂಸೇವಕರು.